ಒಲೆ ಎಷ್ಟು, ಮನೆ ಎಷ್ಟು?

ಹಳೆಯ ಸಿಲಬಸ್ಸಿನ ಜೆರಾಕ್ಸ್ ಪ್ರತಿ ಎಲ್ಲರ ಮುಂದೆಯೂ ಇತ್ತು. ‘ಘಟಕ 1: ಕುಟುಂಬ – ಅರ್ಥ, ವ್ಯಾಖ್ಯೆ, ಲಕ್ಷಣಗಳು, ಪ್ರಕಾರಗಳು, ಕಾರ್ಯಗಳು.’ ನಾನು ಬಿ.ಎ. ಓದುವಾಗ ಘಟಕ ಒಂದು ಇದೇ ಆಗಿತ್ತು. ಸಮಾಜಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ದಿನವೂ ಇದೇ ಆಗಿತ್ತು. ನಡುವೆ ನಮ್ಮ ಮನೆಯಲ್ಲೇ ಎರಡು ಸಲ ಹಿಸ್ಸೆಯಾಯಿತು, ತಮ್ಮ ದುಬೈಗೆ ಹೋದ, ಅವನ ಮಗಳು ಮದುವೆ ಬೇಡವೆಂದು ಬೆಂಗಳೂರಿನಲ್ಲಿ ಒಬ್ಬಳೇ ಮನೆ ಮಾಡಿದಳು. ಘಟಕ ಒಂದು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಒಂದು ಖಾಸಗಿ ವಿಶ್ವವಿದ್ಯಾಲಯ ತನ್ನ ‘ಕುಟುಂಬ ಅಧ್ಯಯನ’ ಮೈನರನ್ನು ಪರಿಷ್ಕರಿಸಲು ಸಮಿತಿ ಮಾಡಿ ನನ್ನನ್ನು ಬಾಹ್ಯ ಸದಸ್ಯೆಯಾಗಿ ಕರೆದಿತ್ತು. ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳು 2021ರಲ್ಲಿ ನಾಲ್ಕು ವರ್ಷದ ಪದವಿಗೆ ಹೋಗಿ 2024ರಲ್ಲಿ ಮೂರು ವರ್ಷಕ್ಕೆ ವಾಪಸು ಬಂದವು. ಆ ಹೋಗಿಬರುವ ಗಲಾಟೆಯಲ್ಲಿ ‘ಮೈನರ್’ ಎನ್ನುವ ಮಾತು ಈಗ ಹೆಚ್ಚಾಗಿ ಖಾಸಗಿಯವರ ಕ್ಯಾಂಪಸ್ಸುಗಳಲ್ಲೇ ಕಿವಿಗೆ ಬೀಳುತ್ತದೆ. ಕಂಪ್ಯೂಟರ್ ಸೈನ್ಸೋ ಕಾಮರ್ಸೋ ಮುಖ್ಯ ವಿಷಯ, ಅದರ ಜೊತೆಗೆ ಬೇರೆ ದಿಕ್ಕಿನದೊಂದು ವಿಷಯ. ಮೇಲೋಗರ ಎನ್ನಿ.

ಮೊದಲ ಒಂದು ಗಂಟೆ ಹೆಸರಿನಲ್ಲೇ ಹೋಯಿತು. ಒಬ್ಬರಿಗೆ ‘ಕುಟುಂಬ ವಿಜ್ಞಾನ’ ಆಗಬೇಕು, ಇನ್ನೊಬ್ಬರಿಗೆ ‘ಕುಟುಂಬ ಮತ್ತು ಯೋಗಕ್ಷೇಮ’. ಬಿಸ್ಕತ್ತಿನ ತಟ್ಟೆ ಖಾಲಿಯಾದರೂ ತೀರ್ಮಾನವಾಗಲಿಲ್ಲ. ನನಗೆ ನಗು ಬಂತು, ಏಕೆಂದರೆ ಈ ವಿಷಯದ ಹಣೆಬರಹವೇ ಅದು. 1899ರಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್ ಎಂಬ ಊರಿನಲ್ಲಿ ಎಲೆನ್ ಸ್ವಾಲೋ ರಿಚರ್ಡ್ಸ್ ಮತ್ತು ಜೊತೆಗಾರರು ಸೇರಿದಾಗ ಎದುರಿಗಿದ್ದ ಮೊದಲ ಪ್ರಶ್ನೆಗಳಲ್ಲಿ ಒಂದು ಇದೇ: ಮನೆಯ ಬಗೆಗಿನ ಓದನ್ನು ಏನೆಂದು ಕರೆಯೋಣ? ರಿಚರ್ಡ್ಸ್ ಎಂಐಟಿಯಲ್ಲಿ ಓದಿದ ಮೊದಲ ಹೆಣ್ಣುಮಗಳು, 1873ರ ಪದವೀಧರೆ, ನೀರಿನ ರಸಾಯನಶಾಸ್ತ್ರ ಬಲ್ಲವರು. ಅಡುಗೆಮನೆಯೂ ಪ್ರಯೋಗಾಲಯವೇ ಎಂದು ನಂಬಿದವರು. ‘ಹೋಮ್ ಎಕನಾಮಿಕ್ಸ್’ ಎಂಬ ಹೆಸರು ನಿಂತಿತು. ಅದು 1994ರಲ್ಲಿ ‘ಫ್ಯಾಮಿಲಿ ಅಂಡ್ ಕನ್ಸ್ಯೂಮರ್ ಸೈನ್ಸಸ್’ ಆಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ಕಾಲೇಜು 1969ರಲ್ಲೇ ‘ಹ್ಯೂಮನ್ ಇಕಾಲಜಿ’ ಎಂದು ಹಲಗೆ ಬದಲಿಸಿಕೊಂಡಿತ್ತು.

ಆ ಕಾರ್ನೆಲ್‌ನ ಕತೆ ಹೇಳದೆ ಮುಂದೆ ಹೋಗಲಾರೆ. ಅಲ್ಲಿ 1920ರ ಹೊತ್ತಿಗೆ ಮನೆ ನಡೆಸುವುದನ್ನು ಕಲಿಸಲು ಒಂದು ‘ಅಭ್ಯಾಸದ ಮನೆ’ ಇತ್ತು. ಆ ಮನೆಗೆ ಅನಾಥಾಲಯದಿಂದ ನಿಜವಾದ ಹಸುಗೂಸನ್ನು ತರುತ್ತಿದ್ದರು. ವಿದ್ಯಾರ್ಥಿನಿಯರು ಪಾಳಿಯ ಮೇಲೆ ತಾಯಂದಿರು. ಈ ವಾರ ಒಬ್ಬಳು ಎರೆದು ಉಣಿಸಿದರೆ ಮುಂದಿನ ವಾರ ಇನ್ನೊಬ್ಬಳು. ಮೊದಲ ಕೂಸಿಗೆ ಡಿಕ್ಕಿ ಡೋಮೆಕಾನ್ ಎಂದು ಹೆಸರಿಟ್ಟಿದ್ದರು. ‘ಡೊಮೆಸ್ಟಿಕ್ ಎಕಾನಮಿ’ಯನ್ನು ಕತ್ತರಿಸಿ ಮಾಡಿದ ಮನೆತನದ ಹೆಸರದು! ಮಗುವಿನ ತೂಕ, ನಿದ್ದೆ, ಹಾಲು ಎಲ್ಲಕ್ಕೂ ಪಟ್ಟಿ ಇತ್ತು. ಕುಟುಂಬವನ್ನು ವಿಜ್ಞಾನ ಮಾಡಹೊರಟರೆ ಎಲ್ಲಿಗೆ ಮುಟ್ಟಬಹುದು ಎನ್ನಲು ಇದಕ್ಕಿಂತ ಬೇರೆ ಉದಾಹರಣೆ ನನಗೆ ಬೇಕಿಲ್ಲ.

ನಮ್ಮಲ್ಲೂ ಹಲಗೆಗಳು ಬದಲಾಗಿವೆ. ಗೃಹವಿಜ್ಞಾನ ಕಲಿಸುವ ದೆಹಲಿಯ ಲೇಡಿ ಇರ್ವಿನ್ ಕಾಲೇಜು 1932ರದು. ಹನ್ಸಾ ಮೆಹ್ತಾ ಕುಲಪತಿಯಾಗಿದ್ದಾಗ 1950ರಲ್ಲಿ ಬರೋಡಾದಲ್ಲಿ ಗೃಹವಿಜ್ಞಾನ ನಿಕಾಯ ಶುರುವಾಯಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ ‘ಎಲ್ಲ ಪುರುಷರು’ ಎಂದಿದ್ದನ್ನು ಹಟ ಹಿಡಿದು ‘ಎಲ್ಲ ಮನುಷ್ಯರು’ ಎಂದು ತಿದ್ದಿಸಿದವರು ಇದೇ ಹನ್ಸಾ ಮೆಹ್ತಾ. ಈಗ ಆ ನಿಕಾಯದ ಹೆಸರು ಕುಟುಂಬ ಮತ್ತು ಸಮುದಾಯ ವಿಜ್ಞಾನ. ಕೃಷಿ ವಿಶ್ವವಿದ್ಯಾಲಯಗಳಲ್ಲಿ 2017ರ ಸುಮಾರಿಗೆ ‘ಗೃಹವಿಜ್ಞಾನ’ ಹೋಗಿ ‘ಸಮುದಾಯ ವಿಜ್ಞಾನ’ ಬಂತು, ನಮ್ಮ ಧಾರವಾಡದ ಕಾಲೇಜಿನ ಹಲಗೆಯ ಮೇಲೂ. ಗೃಹ ಎನ್ನುವ ಶಬ್ದ ಇರುವ ತನಕ ಗಂಡುಹುಡುಗರು ಆ ಕಡೆ ತಲೆ ಹಾಕುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದಕ್ಕೆ ಮದ್ದು ಹೆಸರು ಬದಲಿಸುವುದೇ ಎಂದರೆ ನಾನು ಒಪ್ಪಲಾರೆ.

ಕೊನೆಗೆ ಹೆಸರು ಇದ್ದಂತೆಯೇ ಇರಲಿ ಎಂದಾಯಿತು. ಊಟದ ಹೊತ್ತಿಗೆ ಘಟಕ ಒಂದಕ್ಕೆ ಬಂದೆವು.

ಹಿಂದಿನ ಸಿಲಬಸ್ಸಿನಲ್ಲಿ ವ್ಯಾಖ್ಯೆ ಎಂದರೆ ಮಾನವಶಾಸ್ತ್ರಜ್ಞ ಮುರ್ಡಾಕ್. 1949ರಲ್ಲಿ ಜಗತ್ತಿನ 250 ಸಮಾಜಗಳ ವಿವರ ಕೂಡಿಹಾಕಿ ಆತ ಹೇಳಿದ್ದು ಇದು: ಕುಟುಂಬವೆಂದರೆ ಒಂದೇ ಕಡೆ ವಾಸ, ಕೂಡಿ ದುಡಿಮೆ, ಸಂತಾನ. ಹತ್ತು ಅಂಕದ ಪ್ರಶ್ನೆಗೆ ಹೇಳಿ ಮಾಡಿಸಿದ ಉತ್ತರ. ಆದರೆ ಕರಾವಳಿಯ ಹುಡುಗಿಯೊಬ್ಬಳು, ಅಪ್ಪ ಇಪ್ಪತ್ತು ವರ್ಷದಿಂದ ಕೊಲ್ಲಿಯಲ್ಲಿದ್ದಾನೆ, ನಮ್ಮದು ಕುಟುಂಬವಲ್ಲವೇ ಎಂದರೆ? ತುಳುನಾಡಿನ ಅಳಿಯಸಂತಾನದ ಗುತ್ತಿನ ಮನೆಗಳಲ್ಲಿ ಆಸ್ತಿ ಹೆಂಗಸಿನ ಬಳ್ಳಿಯಲ್ಲಿ ಇಳಿಯುತ್ತಿತ್ತು, ಯಜಮಾನಿಕೆ ಸೋದರಮಾವನಿಗೆ. ಗಂಡ ಬೇರೊಂದು ಮನೆಯ ಮನುಷ್ಯ. ಇದಕ್ಕೆ 1949ರಷ್ಟು ಈಚೆಗೆ ಮದ್ರಾಸಿನಲ್ಲಿ ಪ್ರತ್ಯೇಕ ಕಾಯ್ದೆಯೇ ಆಗಿತ್ತು. ಮುರ್ಡಾಕ್ ಪುಸ್ತಕ ಬಂದದ್ದೂ ಅದೇ ವರ್ಷ. ಎರಡನ್ನೂ ಪಕ್ಕಪಕ್ಕ ಇಟ್ಟು ಪಾಠ ಮಾಡಿದರೆ ವ್ಯಾಖ್ಯೆ ಉರು ಹೊಡೆಯುವುದು ತಾನಾಗಿ ನಿಲ್ಲುತ್ತದೆ.

ನಾನು ಹೇಳಿದೆ: ವ್ಯಾಖ್ಯೆ ಆಮೇಲೆ ಕೊಡೋಣ, ಮೊದಲು ನಮ್ಮ ಮಾತುಗಳನ್ನು ಎಣಿಸೋಣ. ಮನೆ, ಮನೆತನ, ಒಕ್ಕಲು, ಸಂಸಾರ, ಕುಟುಂಬ, ಬಳಿ, ಬೆಡಗು, ದಾಯಾದಿ, ತವರು, ಬೀಗರು. ಹಳಬರ ಬಾಯಲ್ಲಿ ‘ನಮ್ಮ ಕುಟುಂಬ ಊರಿಗೆ ಹೋಗಿದೆ’ ಎಂದರೆ ಹೆಂಡತಿ ಹೋಗಿದ್ದಾಳೆ ಎಂದರ್ಥ. ‘ನಮ್ಮ ಮನೆಯವರು’ ಎಂದು ಹೆಂಗಸು ಅಂದರೆ ಗಂಡ. ಒಂದೇ ಅಂಗಳದಲ್ಲಿದ್ದೂ ‘ಒಲೆ ಬೇರೆ’ ಆದರೆ ಅದು ಎರಡು ಸಂಸಾರ. ನಮ್ಮ ಜನಗಣತಿಯೂ ಇದನ್ನೇ ಹಿಡಿದಿದೆ: ಸಾಮಾನ್ಯವಾಗಿ ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಮನೆವಾರ್ತೆ. ಆದರೆ ಸಾವಾದಾಗ ಲೆಕ್ಕ ಬದಲಾಗುತ್ತದೆ. ನಲವತ್ತು ವರ್ಷದಿಂದ ಮಾತು ಬಿಟ್ಟ ದಾಯಾದಿಗೂ ಸೂತಕ ಉಂಟು. ದಿನಾ ಒಂದೇ ತಟ್ಟೆಯಲ್ಲಿ ತಿನ್ನುವ ಗೆಳತಿಗೆ ಇಲ್ಲ. ಒಲೆ ಹೇಳುವ ಕುಟುಂಬ ಒಂದು, ಸೂತಕ ಹೇಳುವ ಕುಟುಂಬ ಇನ್ನೊಂದು. ಈ ಅಂತರ ಹಿಡಿದ ಹುಡುಗನಿಗೆ ಮುರ್ಡಾಕ್‌ನ ತಪ್ಪು ತಾನೇ ಕಾಣುತ್ತದೆ.

ಒಲೆ ಮತ್ತು ಮನೆತನ ಬೇರೆಬೇರೆ ಎಂಬ ಮಾತನ್ನು ಶಾಸ್ತ್ರೀಯವಾಗಿ ಗಟ್ಟಿ ಮಾಡಿದವರು ಸಮಾಜಶಾಸ್ತ್ರಜ್ಞ ಎ.ಎಂ. ಶಾ. ಗುಜರಾತಿನ ರಾಧ್ವಾಣಜ್ ಎಂಬ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದ ಅವರ ಕೈಗೆ ಅದೇ ಹಳ್ಳಿಯ 1825ರ ಮನೆಗಣತಿ ಸಿಕ್ಕಿತ್ತು. ಹಿಂದೆ ಎಲ್ಲರೂ ಅವಿಭಕ್ತ ಕುಟುಂಬದಲ್ಲೇ ಇದ್ದರು, ಪಟ್ಟಣ, ಕಾರ್ಖಾನೆ ಬಂದು ಒಡೆದು ಹೋಯಿತು ಎಂಬ ನಮ್ಮ ಮೆಚ್ಚಿನ ಅಳಲಿಗೆ ಆ ದಾಖಲೆ ಒತ್ತಾಸೆ ಕೊಡಲಿಲ್ಲ. ಆಗಲೂ ಸಣ್ಣ ಮನೆಗಳು ಬೇಕಾದಷ್ಟಿದ್ದವು. ಶಾ ಅವರ ಪುಸ್ತಕ ಬಂದು ಅರ್ಧ ಶತಮಾನ ದಾಟಿದೆ, 1973ರದು. ನಮ್ಮ ಗೈಡುಗಳಲ್ಲಿ ‘ಅವಿಭಕ್ತ ಕುಟುಂಬದ ವಿಘಟನೆಗೆ ಕಾರಣಗಳು’ ಇನ್ನೂ ಹತ್ತು ಅಂಕಕ್ಕೆ ಕೂತಿದೆ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1942ರಲ್ಲೇ ‘ಮ್ಯಾರೇಜ್ ಅಂಡ್ ಫ್ಯಾಮಿಲಿ ಇನ್ ಮೈಸೂರ್’ ಬರೆದವರು. ಆ ಹೆಸರು ಹಳೆಯ ಸಿಲಬಸ್ಸಿನ ಓದಿನ ಪಟ್ಟಿಯಲ್ಲೂ ಇರಲಿಲ್ಲ. ಈಗ ಸೇರಿಸಿದೆವು.

ಮೈನರ್‌ಗೆ ಸಿಗುವುದೆಷ್ಟು? ಯುಜಿಸಿಯ 2022ರ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಯ 120 ಕ್ರೆಡಿಟ್‌ಗಳಲ್ಲಿ ಮೈನರ್‌ಗೆ 24. ಒಂದು ಕ್ರೆಡಿಟ್ಟಿಗೆ 15 ಗಂಟೆ ಪಾಠ, ಒಟ್ಟು 360 ಗಂಟೆ. ಈ 360 ಗಂಟೆ ಯಾರ ಪಾಲಿಗೆ ಎಂಬಲ್ಲಿ ಸಮಾಜಶಾಸ್ತ್ರ, ಮನಃಶಾಸ್ತ್ರ, ಗೃಹವಿಜ್ಞಾನದವರು ಥೇಟ್ ಅಣ್ಣತಮ್ಮಂದಿರ ಹಾಗೆ ಹಿಸ್ಸೆಗೆ ಕೂತರು. ವರ್ಕ್‌ಲೋಡ್ ಕಡಿಮೆಯಾದರೆ ಮುಂದಿನ ವರ್ಷ ಯಾರದೋ ಕೆಲಸಕ್ಕೆ ಕುತ್ತು ಬರುತ್ತದೆ, ಆದ್ದರಿಂದ ಅವರನ್ನು ಗೇಲಿ ಮಾಡಲಾರೆ. ಕಾನೂನು ವಿಭಾಗದವರನ್ನು ಮಾತ್ರ ಯಾರೂ ಕರೆದಿರಲಿಲ್ಲ. ಅಲ್ಲೇ ಇತ್ತು ನನ್ನ ತಕರಾರು.

ಕುಟುಂಬದ ಬಗ್ಗೆ ಇವತ್ತು ಕನ್ನಡದ ಮನೆಗಳಲ್ಲಿ ನಡೆಯುವ ಗಂಭೀರ ಮಾತೆಲ್ಲ ಯಾವುದೋ ಒಂದು ಕಾಗದದ ಸುತ್ತ ನಡೆಯುತ್ತದೆ. ರೇಷನ್ ಕಾರ್ಡು, ವಂಶವೃಕ್ಷ, ಪಹಣಿ, ಪೌತಿ ಖಾತೆ, ವಿಭಾಗ ಪತ್ರ, ದಾನ ಪತ್ರ. ಅವನ್ನು ಓದಲು ಬಾರದವನಿಗೆ ‘ಕುಟುಂಬದ ಕಾರ್ಯಗಳು’ ಕಲಿಸಿ ಏನು ಬಂತು?

ರೇಷನ್ ಕಾರ್ಡನ್ನೇ ನೋಡಿ. ಹಳೆಯ ಸಿಲಬಸ್ಸಿನಲ್ಲಿ ‘ಕುಟುಂಬದ ಯಜಮಾನ: ಹಿರಿಯ ಪುರುಷ’ ಎಂದಿತ್ತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಅದು ತಲೆಕೆಳಗಾಗಿ ಆಗಲೇ ಹತ್ತು ವರ್ಷದ ಮೇಲಾಯಿತು. ಪಡಿತರ ಚೀಟಿಯ ಮಟ್ಟಿಗೆ ಮನೆಯ ಹದಿನೆಂಟು ದಾಟಿದ ಅತಿ ಹಿರಿಯ ಹೆಂಗಸೇ ಯಜಮಾನಿ. ಹತ್ತು ವರ್ಷ ಆ ಸಾಲನ್ನು ಯಾರೂ ಗಮನಿಸಲಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿ, ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂದಾಗ ನಾಡಿಗೆ ನಾಡೇ ಕಾರ್ಡು ತಿರುಗಿಸಿ ನೋಡಿತು. ಹಣ ಅತ್ತೆಗೋ ಸೊಸೆಗೋ? ಕಟ್ಟೆಯ ಮೇಲೆ, ಬಸ್ಸಿನಲ್ಲಿ, ಟಿವಿಯಲ್ಲಿ ಇದೇ ಮಾತು. ಒಲೆ ಒಂದೇ ಇದ್ದ ಕಡೆ ಕಾರ್ಡು ಎರಡಾಗಬೇಕೆಂಬ ಯೋಚನೆ ಹುಟ್ಟಿತು. ಕುಟುಂಬವೆಂದರೇನು ಎಂಬ ಪ್ರಶ್ನೆಗೆ ಸೆಮಿನಾರುಗಳಲ್ಲಿ ಬಾರದ ಕಳೆ ಆ ದಿನಗಳಲ್ಲಿ ಬಂದಿತ್ತು. ಒಬ್ಬ ಸಮಾಜಶಾಸ್ತ್ರದ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಪಾಠದ ಸಾಮಗ್ರಿ ಎಲ್ಲಿ ಸಿಗುತ್ತದೆ?

ಆಸ್ತಿಯದು ಇನ್ನೂ ದೊಡ್ಡ ಕತೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿಗೆ ಕಾಯ್ದೆ ಮಾಡಿ ಪಾಲಿನ ಹೊತ್ತಿನಲ್ಲಿ ವಿಧವೆಯರಿಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದಷ್ಟು ದಕ್ಕುವಂತೆ ಮಾಡಿತ್ತು. ಬ್ರಿಟಿಷ್ ಇಂಡಿಯಾದ ವಿಧವೆಯರಿಗೆ ಅಷ್ಟಿಷ್ಟು ಸಿಕ್ಕಿದ್ದು 1937ರಲ್ಲಿ. ಆಮೇಲೆ 1994ರ ಕರ್ನಾಟಕದ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಮಗನಂತೆ ಪಾಲುದಾರಳು ಎಂದಿತು, ಆದರೆ ಆ ವರ್ಷದ ಜುಲೈ 30ಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಜುಲೈ 29ರಂದು ಧಾರೆಯಾಗಿದ್ದರೆ ಇಲ್ಲ, 31ರಂದು ಆಗಿದ್ದರೆ ಉಂಟು! 2005ರ ಕೇಂದ್ರ ತಿದ್ದುಪಡಿ ಈ ಗೆರೆ ಅಳಿಸಿತು. ಆ ತಿದ್ದುಪಡಿ ಜಾರಿಯಾದ ದಿನ ಅಪ್ಪ ಬದುಕಿರಬೇಕೇ ಬೇಡವೇ ಎಂದು ಕೋರ್ಟುಗಳು ಹದಿನೈದು ವರ್ಷ ಜಗ್ಗಾಡಿ, ಬೇಡ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ.

ಕಾನೂನು ಇಷ್ಟು ದೂರ ಬಂದಿದೆ. ಮನೆಗಳು? ಅಪ್ಪ ತೀರಿಕೊಂಡ ಮೇಲೆ ಖಾತೆ ಬದಲಿಸುವಾಗ ಅಣ್ಣ ಒಂದು ಹಕ್ಕು ಬಿಡುಗಡೆ ಪತ್ರ ಹಿಡಿದು ಬರುತ್ತಾನೆ. ‘ಸುಮ್ನೆ ಒಂದು ಸೈನ್ ಹಾಕು, ಪೌತಿ ಖಾತೆಗೆ ಬೇಕಂತೆ.’ ತಂಗಿ ಕಾಗದ ಓದದೆ ಸೈನ್ ಹಾಕುತ್ತಾಳೆ. ಹಾಕದಿದ್ದರೆ ಗೌರಿಹಬ್ಬದ ಬಾಗಿನ ನಿಲ್ಲುತ್ತದೆ, ಮಗಳ ಮದುವೆಗೆ ಸೋದರಮಾವ ಬರುವುದಿಲ್ಲ. ತವರು ಎಂಬುದಕ್ಕೆ ಇರುವ ಬೆಲೆಯೇ ಅದು, ಎಷ್ಟೋ ಕಡೆ ಎಕರೆಗಟ್ಟಲೆ ಬೆಲೆ. ಇದನ್ನು ಬರೀ ಮೋಸವೆಂದರೂ ಪೂರ್ತಿಯಾಗುವುದಿಲ್ಲ, ಬರೀ ಪ್ರೀತಿಯೆಂದರೂ ಆಗುವುದಿಲ್ಲ. ಕುಟುಂಬ ಅಧ್ಯಯನಕ್ಕೆ ಕೆಲಸವಿರುವುದು ಇಲ್ಲೇ. ಒಂದು ವಿಭಾಗ ಪತ್ರ, ಒಂದು ಹಕ್ಕು ಬಿಡುಗಡೆ ಪತ್ರವನ್ನು, ಹೆಸರು ಮರೆಮಾಡಿ, ತರಗತಿಯಲ್ಲಿ ಸಾಲುಸಾಲಾಗಿ ಓದಿಸಬೇಕೆಂದು ನಾನು ಕೇಳಿದೆ. ಸಮಿತಿಯಲ್ಲಿ ಹಿರಿಯರೊಬ್ಬರಿಗೆ ಇರಿಸುಮುರಿಸಾಯಿತು. ‘ಮಕ್ಕಳ ತಲೇಲಿ ಈಗಲೇ ಆಸ್ತಿ ಗೀಸ್ತಿ ತುಂಬೋದು ಬೇಡ ಮೇಡಂ’ ಎಂದರು. ಇಪ್ಪತ್ತು ವರ್ಷದ ಹುಡುಗಿಗೆ ಈಗಲ್ಲದೆ ಇನ್ಯಾವಾಗ? ಸೈನ್ ಹಾಕಿದ ಮೇಲೆಯೇ?

ಮಧ್ಯಾಹ್ನ ಅಲ್ಲಿನ ಕೆಲವು ವಿದ್ಯಾರ್ಥಿಗಳನ್ನು ಕರೆಸಿದ್ದರು. ಯಾಕಪ್ಪಾ ಈ ಮೈನರ್ ತೆಗೆದುಕೊಂಡೆ ಎಂದು ಕೇಳಿದರೆ ಹುಡುಗನೊಬ್ಬ ಮುಚ್ಚುಮರೆಯಿಲ್ಲದೆ ಹೇಳಿದ: ‘ಶನಿವಾರ ಕ್ಲಾಸ್ ಇರಲ್ಲ ಅಂತ ಮೇಡಂ.’ ಅವನೇ ಹೇಳಿದ ಇನ್ನೊಂದು ಮಾತು ನನಗೆ ಉಪಯೋಗಕ್ಕೆ ಬಂತು. ಹಿಂದಿನ ಸೆಮಿಸ್ಟರಿನಲ್ಲಿ ಕಿರಿಯ ಅಧ್ಯಾಪಕಿಯೊಬ್ಬರು, ಭಾನುವಾರ ನಿಮ್ಮ ಮನೆಯಲ್ಲಿ ಯಾರು ಯಾವಾಗ ಏನು ಮಾಡಿದರು ಎಂದು ಅರ್ಧರ್ಧ ಗಂಟೆಗೆ ಬರೆದು ತನ್ನಿ ಎಂದಿದ್ದರಂತೆ. ‘ಅಮ್ಮನ ಕಾಲಂ ಬರೆದು ಬರೆದು ಕೈ ನೋವು ಬಂತು ಮೇಡಂ. ಅಪ್ಪಂದು ಬೇಗ ಮುಗೀತು.’

ಇದಕ್ಕೆ ದೇಶದ ಲೆಕ್ಕವೂ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. 2024ರಲ್ಲಿ ಹೆಂಗಸರದು 289ಕ್ಕೆ ಇಳಿಯಿತು. ಸಂತೋಷ ಪಡಬೇಡಿ, ಗಂಡಸರದೂ 88ಕ್ಕೆ ಇಳಿಯಿತು. ಈ ಅಂಕಿಯನ್ನು ಕರಿಹಲಗೆಯ ಮೇಲೆ ಬರೆದರೆ ಹುಡುಗರು ನೋಟ್ಸ್ ಮಾಡಿಕೊಳ್ಳುತ್ತಾರೆ. ಅಮ್ಮನ ಕಾಲಂ ಬರೆದವನಿಗೆ ಅದು ಕೈನೋವಾಗಿ ನೆನಪಿರುತ್ತದೆ.

ಮನೆಯಿಂದ ಸಾಮಗ್ರಿ ತರಿಸುವುದರಲ್ಲಿ ಒಂದು ಅಪಾಯವಿದೆ. ಅದನ್ನು ಕಲಿತದ್ದು ನನ್ನದೇ ತಪ್ಪಿನಿಂದ. ಬಹಳ ಹಿಂದೆ, ಬಯಲುಸೀಮೆಯ ಒಂದು ಕಾಲೇಜಿನಲ್ಲಿದ್ದಾಗ, ‘ನಿಮ್ಮ ವಂಶವೃಕ್ಷ ಬರೆದು ತನ್ನಿ, ಐದು ತಲೆಮಾರು ಇರಲಿ’ ಎಂದು ಅಸೈನ್‌ಮೆಂಟ್ ಕೊಟ್ಟೆ. ಹುಡುಗರು ಬಣ್ಣದ ಪೆನ್ನಿನಲ್ಲಿ ಮರ ಬಿಡಿಸಿ ತಂದರು. ಒಬ್ಬಳು ಮಾತ್ರ ಒಂದೇ ಗೆರೆ ಎಳೆದು ತಂದಿದ್ದಳು: ಅಜ್ಜಿ, ಅವ್ವ, ತಾನು. ಅಪೂರ್ಣವೆಂದು ಹತ್ತಕ್ಕೆ ನಾಲ್ಕು ಕೊಟ್ಟೆ. ಅವಳೇನೂ ಹೇಳಲಿಲ್ಲ. ವರ್ಷ ಮುಗಿಯುವಾಗ ಸಹೋದ್ಯೋಗಿಯೊಬ್ಬರು ಹೇಳಿದರು, ಅವಳ ತಾಯಿಗೆ ಮುತ್ತು ಕಟ್ಟಿದ್ದರಂತೆ. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ 1982ರದು. ನಾನು ಅದನ್ನು ತರಗತಿಯಲ್ಲಿ ಪಾಠವೂ ಮಾಡಿದ್ದೆ! ತಂದೆಯ ಹೆಸರಿನ ಕಾಲಂ ಮುಂದೆ ಅವಳು ಎಷ್ಟು ಅರ್ಜಿಗಳಲ್ಲಿ ಪೆನ್ನು ಹಿಡಿದು ಕೂತಿದ್ದಳೋ, ಅವುಗಳ ಜೊತೆ ನನ್ನದೂ ಒಂದು ಸೇರಿತು. ಅವಳ ಮರ ಪೂರ್ತಿಯಾಗಿಯೇ ಇತ್ತು. ಅಪೂರ್ಣವಾಗಿದ್ದದ್ದು ನನ್ನ ಸಿಲಬಸ್.

ಅದಕ್ಕೇ ಹೊಸ ಕರಡಿನಲ್ಲಿ ಒಂದು ಸಾಲು ಸೇರಿಸಿ ಎಂದು ಪಟ್ಟು ಹಿಡಿದೆ: ಯಾವ ವಿದ್ಯಾರ್ಥಿಯೂ ತನ್ನ ಸ್ವಂತ ಮನೆಯ ವಿವರ ಕೊಡಲೇಬೇಕಾಗಿಲ್ಲ, ಬೇರೆ ಸಾಮಗ್ರಿಯ ಮೇಲೂ ಅಷ್ಟೇ ಅಂಕಕ್ಕೆ ಬರೆಯಬಹುದು. ಇದು ತಕರಾರಿಲ್ಲದೆ ಒಪ್ಪಿಗೆಯಾಯಿತು. ಬದಲು ಸಾಮಗ್ರಿಗೆ ಬರವೇನಿಲ್ಲ. ನಮ್ಮ ನಂಟಿನ ಮಾತುಗಳೇ ಒಂದು ಸೆಮಿಸ್ಟರಿಗೆ ಸಾಕು. ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಮ್ಮನ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ. ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಯಾರ ಮನೆಗೆ ಹೆಣ್ಣು ಹೋಗಬಹುದು, ಯಾರಿಂದ ತರಬಹುದು ಎಂಬ ಕಟ್ಟಳೆಯೇ ಈ ಮಾತುಗಳಲ್ಲಿ ಅಡಗಿದೆ ಎಂಬುದರ ಮೇಲೆ 1871ರ ಮಾರ್ಗನ್‌ನಿಂದ 1981ರ ಟ್ರಾಟ್‌ಮನ್‌ವರೆಗೆ ದಪ್ಪ ದಪ್ಪ ಪುಸ್ತಕಗಳಿವೆ. ಎಲ್ಲರನ್ನೂ ಅಂಕಲ್, ಆಂಟಿ ಎನ್ನುವ ಹುಡುಗರಿಗೆ ಇದೊಂದು ಪತ್ತೇದಾರಿ ಕತೆಯಂತೆ ರುಚಿಸುತ್ತದೆ, ನಾನು ನೋಡಿದ್ದೇನೆ.

ಮುಪ್ಪಿನ ಪಾಠಕ್ಕೆ ಹೆಚ್ಚು ವಾದ ಬೇಕಾಗಲಿಲ್ಲ. ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು ಎನ್ನುತ್ತದೆ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ. ಮುಂದೆ ಯಾರನ್ನು ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಲೆಕ್ಕದ ಮೇಷ್ಟರು ಬೇಕಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಹೋಗಿ, ನೋಡಿಕೊಳ್ಳುತ್ತೇನೆಂದು ಬರೆಸಿಕೊಂಡ ದಾನ ಪತ್ರ ರದ್ದು ಮಾಡಿಕೊಡಿ ಎನ್ನುವ ಅಪ್ಪ ಅಮ್ಮಂದಿರ ಕತೆ ಎಸಿ ಕಚೇರಿಯ ವರಾಂಡದಲ್ಲಿ ಒಂದು ದಿನ ಕೂತರೆ ಕೇಳಿಸುತ್ತದೆ. ಎರಡು ಕ್ರೆಡಿಟ್ಟಿನ ಕ್ಷೇತ್ರಕಾರ್ಯಕ್ಕೆ ಅದೇ ವರಾಂಡ ಎಂದು ಬರೆದೆವು.

ಕೊನೆಗೆ ಬಂದದ್ದು ಆ ಕಿರಿಯ ಅಧ್ಯಾಪಕಿಯ ಪ್ರಶ್ನೆ. ‘ಇದೆಲ್ಲ ಚೆನ್ನಾಗಿದೆ ಮೇಡಂ, ಪರೀಕ್ಷೆಗೆ ಪ್ರಶ್ನೆ ಹೇಗೆ ತೆಗೆಯೋದು?’ ಎಲ್ಲರೂ ನಕ್ಕರು. ಆದರೆ ಪಠ್ಯಕ್ರಮ ಸಾಯುವುದು ಅಲ್ಲೇ ಎಂದು ಆಕೆಗೆ ಗೊತ್ತಿತ್ತು. ಎರಡು ಅಂಕದ್ದು ಐದು, ಐದು ಅಂಕದ್ದು ಆರು ಎಂಬ ಚೌಕಟ್ಟಿದ್ದರೆ ಮುರ್ಡಾಕ್ ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತಾನೆ. ಒಂದು ನಮೂನೆ ವಿಭಾಗ ಪತ್ರ, ಒಂದು ಕಾಲ್ಪನಿಕ ರೇಷನ್ ಕಾರ್ಡು ಕೊಟ್ಟು ‘ಈ ಮನೆಯಲ್ಲಿ ಎಷ್ಟು ಕುಟುಂಬಗಳಿವೆ? ಯಾರ ಲೆಕ್ಕದಲ್ಲಿ?’ ಎಂದು ಕೇಳಬಹುದು ಎಂದೆ. ಪರೀಕ್ಷಾ ವಿಭಾಗದವರನ್ನು ಕೇಳಿ ಹೇಳುತ್ತೇವೆ ಎಂದು ನಡಾವಳಿಯಲ್ಲಿ ಬರೆದುಕೊಂಡರು.

ಕರಡು ಈಗ ಶೈಕ್ಷಣಿಕ ಮಂಡಳಿಯ ಮುಂದಿದೆ. ಆಸ್ತಿಪತ್ರ ಓದುವ ಘಟಕ ‘ಐಚ್ಛಿಕ’ ಎಂದು ಬದಲಾಗಿದೆಯೆಂದು ಫೋನಿನಲ್ಲಿ ತಿಳಿಯಿತು. ಇರಲಿ, ತೆಗೆದುಹಾಕಿಲ್ಲವಲ್ಲ. ನಿಮ್ಮ ಮನೆಯ ಮಗಳೋ ಮಗನೋ ರಜೆಗೆ ಬಂದಾಗ ‘ನಮ್ಮ ಪಹಣಿಯಲ್ಲಿ ಯಾರ್‍ಯಾರ ಹೆಸರಿದೆ, ಅಜ್ಜಿಯ ಹೆಸರು ಯಾಕಿಲ್ಲ’ ಎಂದು ಕೇಳಿದರೆ ರೇಗಬೇಡಿ. ಟ್ರಂಕಿನ ಬೀಗ ತೆಗೆದುಕೊಡಿ.